ನಿರ್ನಾಳ ಗ್ರಂಥಿಗಳ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆಡಳಿತ ಮೊಕ್ತೇಸರರಾದ ಶ್ರೀಮಾನ್ ಪಿಟ್ಯುಟರಿಯವರು,
ಹಾಗೂ ಥೈರಾಯ್ಡ್, ಅಡ್ರಿನಲ್, ವೃಷಣ, ಅಂಡಾಶಯ, ಮೇದೋಜೀರಕ ಮುಂತಾದ ಸಮಸ್ತ ಸದಸ್ಯರು,
ಮುಕ್ಕಾಂ: ಮೆದುಳಿನ ಬುಡದಿಂದ ಕಿಬ್ಬೊಟ್ಟೆಯ ಕೆಳಗಿನವರೆಗೆ.

ಇವರಿಂದ,
ಎಚ್‌ಐವಿಯೊಂದಿಗೆ ಬದುಕುತ್ತಿರುವ ಒಬ್ಬ ಬಡಪಾಯಿ,
ಕಾಪು, ಉಡುಪಿ ಜಿಲ್ಲೆ.

ಮಹನೀಯರೇ,

ತಾವೆಲ್ಲ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇರಲಿಲ್ಲ. ತಮ್ಮ ಕ್ಷೇಮ ವಿಚಾರಿಸಿ ಯಾರೂ ಚೀಟಿ ಬರೆದುಕೊಟ್ಟವರಿಲ್ಲ. ಇತ್ತ ನನ್ನ ಕ್ಷೇಮವೆಂದರೆ ಮೆಟ್ಟಿಲು ಹತ್ತುವಾಗ ಏದುಸಿರು, ಮಧ್ಯಾಹ್ನದ ಗಂಜಿ ಉಂಡರೆ ಸಂಜೆಯವರೆಗೆ ಜೋಂಪು, ಕನ್ನಡಿಯಲ್ಲಿ ಬಿಳಿಚಿಕೊಂಡ ಮುಖ. ಇವೆಲ್ಲ ತಮ್ಮ ಅನುಗ್ರಹವೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ಕೃತಜ್ಞತೆ ಸಲ್ಲಿಸುವುದು ತಡವಾಯಿತು, ಮನ್ನಿಸಬೇಕು.

ಪತ್ರಕ್ಕೆ ಹೆಸರು ಹಾಕಿಲ್ಲವೆಂದು ಮುನಿಸಿಕೊಳ್ಳಬೇಡಿ. ಸಂಸತ್ತು 2017ರಲ್ಲಿ ಮಾಡಿದ ಎಚ್‌ಐವಿ-ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ; ನನ್ನ ಒಪ್ಪಿಗೆಯಿಲ್ಲದೆ ನನ್ನ ಸ್ಥಿತಿಯನ್ನು ಯಾರೂ ಹೊರಗೆ ಹೇಳುವಂತಿಲ್ಲ. ತಮಗೆ ಮಾತ್ರ ಇಂಥ ಕಾಯಿದೆಯ ಆಸರೆ ಎಂದೂ ಬೇಕಾಗಿಲ್ಲ. ಗುಟ್ಟು ಕಾಯುವುದರಲ್ಲಿ ತಮ್ಮನ್ನು ಮೀರಿಸಿದವರಿಲ್ಲ. ನಾಳವಿಲ್ಲ, ಬಾಗಿಲಿಲ್ಲ, ಸದ್ದಿಲ್ಲ. ಆಜ್ಞೆಯನ್ನು ನೇರ ರಕ್ತಕ್ಕೆ ಬೆರೆಸಿ ಕೈತೊಳೆದುಕೊಂಡು ಬಿಡುತ್ತೀರಿ. ಕೆಲಸ ಕೆಟ್ಟಾಗ ಬೈಗುಳ ಬೀಳುವುದು ಬೇರೆಯವರ ತಲೆಗೆ.

ಆ ಬೇರೆಯವರು ಯಾರೆಂದು ತಮಗೆ ನೆನಪಿಸುವ ಧೈರ್ಯ ಮಾಡುತ್ತೇನೆ: ಅಸ್ಥಿಮಜ್ಜೆ. ನಮ್ಮೂರ ದೇವಸ್ಥಾನದಲ್ಲಿ ಮೊಕ್ತೇಸರರು ಚಾವಡಿಯಲ್ಲಿ ಕೂತು ಎಲೆ ಎಷ್ಟೆಂದು ಹೇಳಿ ಕಳಿಸುತ್ತಾರೆ, ಬೇಯಿಸುವವರು ಒಳಗಿನ ಅಡುಗೆ ಭಟ್ಟರು. ಅನ್ನ ಕಡಿಮೆಯಾದರೆ ಜನ ಬೈಯುವುದು ಭಟ್ಟರನ್ನೇ. ಸೊಂಟದ ಮೂಳೆ, ಎದೆಮೂಳೆ, ಬೆನ್ನುಮೂಳೆಗಳ ಒಳಗೆ ಕೂತ ಈ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ಮಾಡಿ ಕಳಿಸುತ್ತದೆ. ಒಂದೊಂದರ ಆಯಸ್ಸು ಸುಮಾರು 120 ದಿನ. ಪ್ಲೇಟ್‌ಲೆಟ್‌ಗಳಿಗೆ ಎಂಟು-ಹತ್ತು ದಿನ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ರಕ್ತದಲ್ಲಿ ಇರುವುದು ಒಂದು ದಿನದೊಳಗಿನ ಲೆಕ್ಕ. ಇಂಥ ಅಡುಗೆಮನೆಗೆ ರಜೆಯಿಲ್ಲ. ಅದಕ್ಕೆ ಆಜ್ಞೆ ಬರುವುದು ತಮ್ಮಿಂದ. ಆಜ್ಞೆಯನ್ನೇ ಕಳಿಸದೆ ಉಳಿದದ್ದು ತಾವು ಎಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಎಂಥ ದೊಡ್ಡಸ್ತಿಕೆ ಮಾರಾಯ್ರೆ!

ತಮ್ಮ ಅದೃಷ್ಟಕ್ಕೆ ನಮ್ಮಂಥವರ ಮನೆಯಲ್ಲಿ ಬೇರೊಬ್ಬ ಪ್ರಸಿದ್ಧ ಆರೋಪಿ ಇದ್ದಾನೆ. 1986ರಲ್ಲಿ ಮದ್ರಾಸಿನಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕುಗಳು ಪತ್ತೆಯಾದವು. ಮುಂದೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ನಮ್ಮ ಕರ್ನಾಟಕವೂ ಸೇರಿತು. ಅವನ ಮೇಲಿನ ಆರೋಪಗಳು ಸುಳ್ಳೇನಲ್ಲ. ಮಜ್ಜೆಯೊಳಗೆ ಎಳೆಯ ಕಣಗಳನ್ನು ಸಾಕುವ ಸುತ್ತಲಿನ ಕೋಶಗಳನ್ನು ವೈರಸ್ ಕೆಡಿಸುತ್ತದೆ. ಅದರಿಂದ ಹುಟ್ಟುವ ಉರಿಯೂತದ ರಾಸಾಯನಿಕಗಳು ಕಣಗಳ ಉತ್ಪಾದನೆಯನ್ನೇ ಅದುಮುತ್ತವೆ. ಕ್ಷಯ, ಶಿಲೀಂಧ್ರ, ಪಾರ್ವೊ ಬಿ19 ಎಂಬ ವೈರಸ್, ಲಿಂಫೋಮಾ, ಎಲ್ಲವೂ ಹಿಂದೆಯೇ ಬಂದು ಅದೇ ಮಜ್ಜೆಯಲ್ಲಿ ಬಿಡಾರ ಹೂಡಬಹುದು. ಎಚ್‌ಐವಿ ಇರುವವರಲ್ಲಿ ರಕ್ತದ ದೋಷಗಳ ಪೈಕಿ ಅತಿ ಸಾಮಾನ್ಯವಾದದ್ದು ರಕ್ತಹೀನತೆಯೇ.

ಎರಡನೆಯ ಆರೋಪಿ ಮದ್ದು. ಜಿಡೋವುಡಿನ್ ಅಥವಾ ಎಜೆಡ್‌ಟಿ ಎಂಬ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಅದರ ಮೊದಲ ದೊಡ್ಡ ಪರೀಕ್ಷೆಯಲ್ಲೇ ಮದ್ದು ತೆಗೆದುಕೊಂಡವರ ಪೈಕಿ ಶೇ 24 ಮಂದಿಯ ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿಳಿದಿತ್ತು. 2004ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ಎಆರ್‌ಟಿ ಎಂಬ ಎಚ್‌ಐವಿ ಚಿಕಿತ್ಸೆ ಉಚಿತವಾಗಿ ಆರಂಭವಾದಾಗ ಪಟ್ಟಿಯಲ್ಲಿ ಅದೂ ಇತ್ತು. ಆಗ ಯಾರಿಗಾದರೂ ರಕ್ತ ಕಮ್ಮಿಯಾದರೆ ಎಜೆಡ್‌ಟಿಯನ್ನು ಅನುಮಾನಿಸುವುದು ನ್ಯಾಯವೇ ಆಗಿತ್ತು. ಈಗ ಬಹುಪಾಲು ಜನಕ್ಕೆ ಸಿಗುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ದಿನಕ್ಕೊಂದು ಮಾತ್ರೆ. ಅದರಲ್ಲಿ ಎಜೆಡ್‌ಟಿ ಇಲ್ಲವೇ ಇಲ್ಲ. ವೈರಸ್ ಎಣಿಕೆಗೆ ಸಿಗದಷ್ಟು ಅಡಗಿದವರಲ್ಲೂ ರಕ್ತ ಕಮ್ಮಿಯಾಗುವುದುಂಟು. ಆದರೂ ಫೈಲಿನ ಮೇಲೆ ಎಚ್‌ಐವಿ ಎಂಬ ಮೂರಕ್ಷರ ಕಂಡೊಡನೆ ವಿಚಾರಣೆ ಮುಗಿಯಿತು. ಆ ನೆರಳಿನಲ್ಲಿ ತಾವು ಸುಖವಾಗಿ ಕೂತಿದ್ದೀರಿ. ಕಳ್ಳನ ಮನೆಯ ಪಕ್ಕದಲ್ಲಿ ಬಿಡಾರ ಮಾಡಿದ ತಮ್ಮ ಬುದ್ಧಿವಂತಿಕೆಗೆ ಶಿರಸಾಷ್ಟಾಂಗ ನಮಸ್ಕಾರ.

ಇನ್ನು ಒಬ್ಬೊಬ್ಬರಾಗಿ ಸನ್ಮಾನಿಸಲು ಅಪ್ಪಣೆಯಾಗಲಿ.

ಮೊದಲ ಶಾಲು ಪೂಜ್ಯ ಥೈರಾಯ್ಡ್‌ರವರಿಗೆ, ಕೊರಳಲ್ಲೇ ಇರುವುದರಿಂದ ಹೊದಿಸಲು ಸುಲಭ. ತಮ್ಮ ಕೀರ್ತಿ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಕರ್ ಗಳಗಂಡಕ್ಕಾಗಿ ತಮ್ಮನ್ನು ಪೂರ್ತಿ ಕಿತ್ತುಹಾಕಿದ ರೋಗಿಗಳು ಆಮೇಲೆ ಮಂಕಾಗಿ, ಊದಿಕೊಂಡು, ರಕ್ತಹೀನರಾದದ್ದನ್ನು 1883ರಲ್ಲೇ ವರದಿ ಮಾಡಿದ್ದರು. ತಮ್ಮ ಹಾರ್ಮೋನು ಇಳಿದರೆ ದೇಹಕ್ಕೆ ಆಮ್ಲಜನಕದ ಬೇಡಿಕೆಯೇ ಇಳಿಯುತ್ತದೆ, ಮೂತ್ರಪಿಂಡದಿಂದ ಮಜ್ಜೆಗೆ ಹೋಗುವ ಎರಿತ್ರೊಪೊಯೆಟಿನ್ ಎಂಬ ಆಜ್ಞೆ ಕಮ್ಮಿಯಾಗುತ್ತದೆ, ಮಜ್ಜೆಯ ಕೈ ನಿಧಾನವಾಗುತ್ತದೆ. ತಮ್ಮ ಮೇಲೆ ದೇಹವೇ ತಿರುಗಿಬಿದ್ದ ಪ್ರಕರಣಗಳಲ್ಲಿ, ಬಿ12 ಹೀರುವ ಜಠರದ ವ್ಯವಸ್ಥೆಯ ಮೇಲೂ ಅದೇ ರೀತಿ ತಿರುಗಿಬೀಳುವುದುಂಟು; ಆಗ ರಕ್ತಹೀನತೆಗೆ ಎರಡು ಬಾಗಿಲು. ಇಷ್ಟನ್ನು ತಾವು ಬಹಿರಂಗವಾಗಿ ಹೇಳಿದ್ದರೆ ನಾನು ಏಪ್ರಿಲ್ ತಿಂಗಳ ಕಾಪುವಿನಲ್ಲಿ ಕಂಬಳಿ ಹೊದ್ದು ಮಲಗಿದ್ದಕ್ಕೆ ಅರ್ಥ ಸಿಗುತ್ತಿತ್ತು. ಬದಲಿಗೆ ಮನೆಯವರು ಬೀಟ್‌ರೂಟ್ ತಿನ್ನಿಸಿದರು, ದಾಳಿಂಬೆ ತಿನ್ನಿಸಿದರು, ಬಸಳೆಯ ಚಪ್ಪರವೇ ಖಾಲಿಯಾಯಿತು. ತೋರಿಸಿದ ಕಡೆಯಲ್ಲೆಲ್ಲ “ನಿಮಗೆ ಆ ಕಾಯಿಲೆ ಉಂಟಲ್ಲ, ಹಾಗೇ ಇರುತ್ತದೆ” ಎಂಬ ಸಾಂತ್ವನ ಸಿಕ್ಕಿತು. ಕೊನೆಗೊಬ್ಬ ಎಳೆಯ ಡಾಕ್ಟರು ಕೊರಳು ಮುಟ್ಟಿ ನೋಡಿ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಬರೆದರು. ದಿನಾ ಬೆಳಿಗ್ಗೆ ಒಂದು ಪುಟ್ಟ ಥೈರಾಕ್ಸಿನ್ ಮಾತ್ರೆ. ರಕ್ತ ಮೆಲ್ಲಗೆ ಏರಿತು. ಅಷ್ಟು ಸಣ್ಣ ಕಾಣಿಕೆಗೆ ಒಲಿಯುವ ತಾವು ಅಷ್ಟು ದೊಡ್ಡ ಮುನಿಸು ತೋರಿಸಿದ್ದು ತಮ್ಮ ಘನತೆಗೆ ತಕ್ಕದ್ದೇ.

ತಮ್ಮ ಔದಾರ್ಯ ಕೊರತೆಗೆ ಮಾತ್ರ ಸೀಮಿತವಲ್ಲವೆಂಬುದೂ ಗೊತ್ತು. ಎಆರ್‌ಟಿ ಆರಂಭಿಸಿ, ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ ಏರಿ, ಇನ್ನೇನು ಗೆದ್ದೆವು ಎನ್ನುವಾಗ, ಚಿಗುರಿದ ರೋಗನಿರೋಧಕ ಶಕ್ತಿ ತಮ್ಮನ್ನೇ ಕೆರಳಿಸಿ ಗ್ರೇವ್ಸ್ ಕಾಯಿಲೆ ಮೂಡಿಸುವುದುಂಟು, ಅದೂ ಒಂದೆರಡು ವರ್ಷ ಕಳೆದ ಮೇಲೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ತೂಕ ಇಳಿಯುತ್ತದೆ. ತೂಕ ಇಳಿದದ್ದನ್ನು ಕಂಡ ನೆರೆಕರೆಯವರು ಮತ್ತೆ ಅದೇ ಮೂರಕ್ಷರವನ್ನು ಪಿಸುಗುಡುತ್ತಾರೆ. ತಮ್ಮನ್ನು ತಣ್ಣಗಾಗಿಸಲು ಕಾರ್ಬಿಮಜೋಲ್ ಕೊಟ್ಟರೆ, ಅಪರೂಪಕ್ಕೆ ಅದು ಮಜ್ಜೆಯ ಬಿಳಿಕಣಗಳ ಸಾಲನ್ನೇ ಒರೆಸಿಹಾಕಬಲ್ಲದು. ಆ ಮಾತ್ರೆ ನುಂಗುತ್ತಿರುವವರಿಗೆ ಗಂಟಲುನೋವು, ಜ್ವರ ಬಂದರೆ ಶುಂಠಿ ಕಷಾಯ ಕುಡಿದು ಮಲಗುವಂತಿಲ್ಲ, ಅಂದೇ ರಕ್ತಕಣಗಳ ಎಣಿಕೆ ಆಗಬೇಕು. ತಾವು ಕಮ್ಮಿಯಾದರೂ ಮಜ್ಜೆಗೆ ಪೆಟ್ಟು, ಹೆಚ್ಚಾದರೂ ಪೆಟ್ಟು, ತಮ್ಮನ್ನು ಸಮಾಧಾನಪಡಿಸಿದರೂ ಪೆಟ್ಟು. ಇದಕ್ಕಿಂತ ಸಂಪೂರ್ಣ ಸೇವೆ ಯಾರಿಂದ ಸಾಧ್ಯ?

ಎರಡನೆಯ ಶಾಲು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ದ್ವಯರಿಗೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ತಮ್ಮ ಕುರಿತು ಗ್ರಂಥ ಬರೆದದ್ದು 1855ರಲ್ಲಿ. ಅವರು ಹುಡುಕಲು ಹೊರಟಿದ್ದು ಒಂದು ಬಗೆಯ ರಕ್ತಹೀನತೆಯ ಕಾರಣವನ್ನು, ಕೈಗೆ ಸಿಕ್ಕಿದ್ದು ತಾವು. ರಕ್ತ ಕಮ್ಮಿಯೆಂದು ಹೊರಟರೆ ಗ್ರಂಥಿಯ ಮನೆ ಸಿಗುತ್ತದೆಂದು ಆಗಲೇ ದಾರಿ ತೋರಿಸಿದ ಮಹಾನುಭಾವರು ತಾವು. ಆ ದಾರಿಯಲ್ಲಿ ಹುಲ್ಲು ಬೆಳೆದಿದ್ದರೆ ಅದು ತಮ್ಮ ತಪ್ಪಲ್ಲ ಬಿಡಿ.

ಎಚ್‌ಐವಿ ಮುಂದುವರಿದವರಲ್ಲಿ ಸೈಟೊಮೆಗಲೊ ಎಂಬ ವೈರಸ್ಸು, ಕ್ಷಯ, ಶಿಲೀಂಧ್ರಗಳು ತಮ್ಮನ್ನು ಒಳಗಿನಿಂದ ತಿನ್ನುತ್ತವೆ. ಆಗ ತಮ್ಮ ಹಾರ್ಮೋನಾದ ಕಾರ್ಟಿಸೋಲ್ ಇಳಿದು ರಕ್ತಹೀನತೆಯೂ ಬರುತ್ತದೆ. ಆದರೆ ದೇಹದ ನೀರು ಉಪ್ಪು ಸೋರಿ ರಕ್ತ ಗಟ್ಟಿಯಾಗಿರುವುದರಿಂದ ವರದಿಯಲ್ಲಿ ಹಿಮೋಗ್ಲೋಬಿನ್ ಅಷ್ಟೇನೂ ಕಮ್ಮಿ ಕಾಣುವುದಿಲ್ಲ. ಚಿಕಿತ್ಸೆ ಕೊಟ್ಟು ನೀರು ತುಂಬಿದ ಮೇಲೆ ನಿಜವಾದ ಅಂಕಿ ಹೊರಬೀಳುತ್ತದೆ. ಲೆಕ್ಕಪತ್ರ ತಿದ್ದುವ ಈ ಕಲೆಯನ್ನು ತಾವು ಎಲ್ಲಿ ಕಲಿತಿರೋ! ತಮ್ಮ ಕೊರತೆಯ ಲಕ್ಷಣಗಳೂ ನಮ್ಮ ಕರಾವಳಿಗೆಂದೇ ಆರಿಸಿದಂತಿವೆ. ಉಪ್ಪಿನ ಚಪಲ ಬರುತ್ತದಂತೆ: ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ, ಒಣಮೀನು ಇಲ್ಲದೆ ಉಣ್ಣದ ಊರಲ್ಲಿ ಇದನ್ನು ರೋಗವೆಂದು ಯಾರು ಗುರುತಿಸಬೇಕು? ಚರ್ಮ ಕಪ್ಪಾಗುತ್ತದಂತೆ: ಕಾಪುವಿನ ಕಡಲಿನಲ್ಲಿ ಬಲೆ ಎಳೆಯುವವನು ಕಪ್ಪಾದರೆ ಬಿಸಿಲೆಂದು ಬಿಟ್ಟುಬಿಡುತ್ತಾರೆ. ಅಂಗೈಯ ಗೆರೆ, ವಸಡು ಕಪ್ಪಾಗಿದೆಯೇ ಎಂದು ಬಾಯಿ ತೆರೆಸಿ ನೋಡುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಎದ್ದು ನಿಂತರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಕಾರ್ಕಳದ ಬೆಟ್ಟದ ಮೇಲೆ ಗೊಮ್ಮಟ 1432ರಿಂದ ನಿಂತೇ ಇದ್ದಾನೆ. ತಮ್ಮ ಕೃಪೆ ತಪ್ಪಿದ ಕಾರ್ಕಳದ ಮನುಷ್ಯನಿಗೆ ಬಸ್ ಸ್ಟ್ಯಾಂಡಿನಲ್ಲಿ ಎರಡು ನಿಮಿಷ ನಿಲ್ಲಲಾಗುವುದಿಲ್ಲ.

ತಮ್ಮ ಕ್ಷೇಮ ಅಳೆಯುವ ಕಾರ್ಟಿಸೋಲ್ ಪರೀಕ್ಷೆಗೆ ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತ ಕೊಡಬೇಕು. ಆ ನಿತ್ರಾಣದಲ್ಲಿ ಕಾರ್ಕಳದಿಂದ ಹೊರಟು ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಅಷ್ಟು ಹೊತ್ತಿಗೆ ಮಣಿಪಾಲ ಮುಟ್ಟುವ ಭಾಗ್ಯ ಕರುಣಿಸಿದ್ದೀರಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇರುವಷ್ಟು ಕಾರ್ಟಿಸೋಲನ್ನೂ ಬೇಗ ಕರಗಿಸುವುದರಿಂದ, ಅರೆಜೀವವಾಗಿದ್ದ ತಾವು ಮದ್ದು ಶುರುವಾದ ಮೇಲೆಯೇ ಪೂರ್ತಿ ಕುಸಿಯುವುದುಂಟು. ಇನ್ನೊಂದು ವಿನೋದವೂ ಉಂಟು. ರಿಟೊನಾವಿರ್ ಇರುವ ಎರಡನೆಯ ಹಂತದ ಮದ್ದು ತೆಗೆದುಕೊಳ್ಳುವವನು ದಮ್ಮಿಗೆಂದು ಫ್ಲುಟಿಕಾಸೋನ್ ಇನ್‌ಹೇಲರ್ ಎಳೆದರೆ, ಅಥವಾ ಮೊಣಕಾಲು ನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ, ಆ ಸ್ಟೀರಾಯ್ಡ್ ದೇಹದಲ್ಲಿ ಕರಗದೆ ಶೇಖರವಾಗುತ್ತದೆ. ಮುಖ ದುಂಡಗಾಗುತ್ತದೆ, ತಾವು “ಇನ್ನು ನಮ್ಮ ಅಗತ್ಯವಿಲ್ಲ” ಎಂದು ನಿದ್ದೆ ಹೋಗುತ್ತೀರಿ. ಇನ್‌ಹೇಲರ್ ನಿಲ್ಲಿಸಿದ ದಿನ ದೇಹದಲ್ಲಿ ಯಾರೂ ಡ್ಯೂಟಿಯಲ್ಲಿ ಇರುವುದಿಲ್ಲ.

ವೃಷಣ ಮಹಾಶಯರ ವಿಷಯವನ್ನು ಬಹಿರಂಗ ಪತ್ರದಲ್ಲಿ ಎತ್ತುವುದು ಅಸಭ್ಯವೆಂದು ಕೆಲವರು ಹೇಳಿಯಾರು. ಆ ಸಭ್ಯತೆಯೇ ತಮಗೆ ಕವಚ. ಗಂಡಸಿನ ಹಿಮೋಗ್ಲೋಬಿನ್ 13ಕ್ಕಿಂತ ಇಳಿದರೆ, ಹೆಂಗಸಿನದು 12ಕ್ಕಿಂತ ಇಳಿದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ಗಂಡಸಿನ ಗೆರೆ ಮೇಲಿರಲು ಮುಖ್ಯ ಕಾರಣ ತಮ್ಮ ಟೆಸ್ಟೊಸ್ಟಿರಾನ್. ಅದು ಮಜ್ಜೆಯನ್ನು ಹುರಿದುಂಬಿಸುತ್ತದೆ, ಎರಿತ್ರೊಪೊಯೆಟಿನ್ ಹೆಚ್ಚಿಸುತ್ತದೆ, ಕಬ್ಬಿಣದ ಬೀಗ ಸಡಿಲಿಸುತ್ತದೆ. ಮಜ್ಜೆ ಬತ್ತಿದ ಅಪ್ಲಾಸ್ಟಿಕ್ ಅನೀಮಿಯಾಕ್ಕೆ ಇದೇ ಕುಲದ ಔಷಧಗಳನ್ನು ದಶಕಗಳಿಂದ ಬಳಸುತ್ತ ಬಂದಿದ್ದಾರೆ. ಎಚ್‌ಐವಿ ಇರುವ ಗಂಡಸರಲ್ಲಿ ತಾವು ಸೊರಗುವುದು ಅಪರೂಪವಲ್ಲ. ಆಗ ಒಂದೆರಡು ಗ್ರಾಂ ರಕ್ತ ಸದ್ದಿಲ್ಲದೆ ಇಳಿದುಹೋಗುತ್ತದೆ. ಎಆರ್‌ಟಿ ಸೆಂಟರಿನ ಸಾಲಿನಲ್ಲಿ ನಿಂತವನಿಗೆ “ಮಾತ್ರೆ ತಪ್ಪಿಸಿದ್ದೀರಾ” ಎಂದು ಕೇಳುವವರುಂಟು, “ಗಡ್ಡ ಮೊದಲಿನಂತೆ ಬೆಳೆಯುತ್ತಿದೆಯಾ, ಆಸೆ ಉಂಟಾ” ಎಂದು ಕೇಳುವವರಿಲ್ಲ. ಸೋಂಕು ತಗುಲಿದವನಿಗೆ ಆಸೆಯ ಹಕ್ಕೇ ಇಲ್ಲವೆಂದು ಲೋಕ ಆಗಲೇ ತೀರ್ಮಾನಿಸಿಯಾಗಿದೆ. ಇದೇ ಹಾರ್ಮೋನನ್ನು ಜಿಮ್ಮಿನಲ್ಲಿ ತೋಳು ಉಬ್ಬಿಸಲು ಚುಚ್ಚಿಸಿಕೊಳ್ಳುವ ಹುಡುಗರಿಗೆ ಒಂದು ಕಿವಿಮಾತು: ಹೊರಗಿನಿಂದ ಬಂದರೆ ಒಳಗಿನವರು ಅಂಗಡಿ ಮುಚ್ಚುತ್ತಾರೆ, ರಕ್ತವೂ ಅತಿಯಾಗಿ ದಪ್ಪಗಾಗುತ್ತದೆ.

ಈಗ ಆಡಳಿತ ಮೊಕ್ತೇಸರರ ಸನ್ನಿಧಿಗೆ. ಬಟಾಣಿ ಗಾತ್ರದ ಪಿಟ್ಯುಟರಿಯವರೇ, ಮೇಲೆ ಹೇಳಿದ ಮೂವರೂ ತಮ್ಮ ಅಪ್ಪಣೆಯವರು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ ತಾವು ಒಣಗಿಹೋಗುವುದನ್ನು ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದರು. ಆ ತಾಯಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಆಯಾಸ ಬಿಡುವುದಿಲ್ಲ. ಕೆಲವರಲ್ಲಿ ಮೂರೂ ಬಗೆಯ ರಕ್ತಕಣಗಳು ಇಳಿದು, ಮಜ್ಜೆ ಪರೀಕ್ಷೆ ಮಾಡಿದರೆ ಬರಿದಾದ ಮಜ್ಜೆ ಕಾಣುತ್ತದೆ. ಸ್ಟೀರಾಯ್ಡ್ ಮತ್ತು ಥೈರಾಕ್ಸಿನ್ ಕೊಟ್ಟ ಮೇಲೆ ಅದೇ ಮಜ್ಜೆ ಮತ್ತೆ ತುಂಬಿಕೊಂಡ ಪ್ರಕರಣಗಳು ಭಾರತದಿಂದಲೂ ವರದಿಯಾಗಿವೆ. ಆ ತಾಯಿಗೆ ಎಚ್‌ಐವಿಯೂ ಇದ್ದರೆ? ಹಾಲು ಬಾರದ್ದನ್ನು ಯಾರೂ ಕೇಳುವುದಿಲ್ಲ; ಹಾಲು ಕೊಡಬೇಕೋ ಬೇಡವೋ ಎಂಬ ಚರ್ಚೆಯಲ್ಲೇ ಅದು ಮುಳುಗುತ್ತದೆ. ಮುಟ್ಟು ನಿಂತರೆ “ರಕ್ತವೇ ಇಲ್ಲ, ಮುಟ್ಟು ಎಲ್ಲಿಂದ” ಎನ್ನುತ್ತಾರೆ. ತಮ್ಮ ಶಿಷ್ಟಾಚಾರ ಮಾತ್ರ ಬಹಳ ಬಿಗಿ: ಅಡ್ರಿನಲ್ ಮತ್ತು ಥೈರಾಯ್ಡ್ ಎರಡೂ ಸೋತಿದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಕ್ರಮ ತಪ್ಪಿಸಿದರೆ ಜೀವಕ್ಕೇ ಅಪಾಯ. ಪಂಕ್ತಿಯಲ್ಲಿ ಯಾರು ಮೊದಲೆಂಬ ಜಗಳಕ್ಕೆ ಪ್ರಾಣ ತೆಗೆಯುವಷ್ಟು ಸ್ವಾಭಿಮಾನ ಬೇರೆ ಯಾವ ಮೊಕ್ತೇಸರರಿಗೂ ಇರಲಾರದು.

ಮೇದೋಜೀರಕರೇ, ಸಕ್ಕರೆಯ ಲೆಕ್ಕ ನೋಡುವವರಿಗೆ ರಕ್ತದ ಗೊಡವೆ ಏಕೆಂದು ತಾವು ಜಾರಿಕೊಳ್ಳಬೇಡಿ. “ಮೂರು ತಿಂಗಳ ಶುಗರ್” ಎಂದು ನಾವು ಕರೆಯುವ ಎಚ್‌ಬಿಎ1ಸಿ ಕೆಂಪುಕಣದ ಆಯಸ್ಸನ್ನು ನಂಬಿ ನಿಂತ ಪರೀಕ್ಷೆ. ಕೆಂಪುಕಣಗಳು ಬೇಗ ಸಾಯುತ್ತಿದ್ದರೆ, ಅಥವಾ ಎಜೆಡ್‌ಟಿಯಿಂದ ದೊಡ್ಡವಾಗಿದ್ದರೆ, ನಿಜವಾದ ಸಕ್ಕರೆಗಿಂತ ಕಮ್ಮಿ ತೋರಿಸುತ್ತದೆ. ಶುಗರ್ ಚೆನ್ನಾಗಿದೆ ಎಂದು ವರದಿ, ಕಾಲಿನ ಹುಣ್ಣು ಮಾಯುವುದಿಲ್ಲ. ಕೊನೆಗೆ ಸತ್ಯ ತಿಳಿದು ಮೆಟ್‌ಫಾರ್ಮಿನ್ ಕೊಟ್ಟರೆ, ಅದು ವರ್ಷಾನುಗಟ್ಟಲೆ ನಡೆದಾಗ ಬಿ12 ಕಮ್ಮಿಯಾಗಿ ಮತ್ತೆ ಮಜ್ಜೆಗೇ ಬರ. ಡೊಲುಟೆಗ್ರಾವಿರ್ ಜೊತೆಗಿದ್ದರೆ ಮೆಟ್‌ಫಾರ್ಮಿನ್ ಮಟ್ಟ ರಕ್ತದಲ್ಲಿ ಏರುವುದರಿಂದ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ. ತಮ್ಮ ಒಂದು ಉಪಕಾರಕ್ಕೆ ಇಷ್ಟು ಉಪಕಥೆಗಳು.

ಮಂಡಳಿಯ ವಿಶೇಷ ಆಹ್ವಾನಿತರಾದ ಮೂತ್ರಪಿಂಡ ಮತ್ತು ಯಕೃತ್ತನ್ನು ಮರೆತರೆ ಅಪಚಾರವಾದೀತು. ಆಮ್ಲಜನಕ ಕಮ್ಮಿಯಾದಾಗ ಎರಿತ್ರೊಪೊಯೆಟಿನ್ ಕಳಿಸಬೇಕಾದವರು ಮೂತ್ರಪಿಂಡದವರು. ಉರಿಯೂತ ನಡೆಯುವ ದೇಹದಲ್ಲಿ ಅವರು ಕಳಿಸುವುದು ಬೇಕಾದ್ದಕ್ಕಿಂತ ಕಮ್ಮಿ, ಬಂದಷ್ಟನ್ನೂ ಮಜ್ಜೆ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಯಕೃತ್ತಿನವರು ಮಾಡುವ ಹೆಪ್ಸಿಡಿನ್ ಎಂಬ ಹಾರ್ಮೋನು ಬೆಳಕಿಗೆ ಬಂದದ್ದು ಈ ಶತಮಾನದ ಆರಂಭದಲ್ಲಷ್ಟೇ. ಉರಿಯೂತ ಕಂಡೊಡನೆ ಅದು ಕಬ್ಬಿಣದ ಕಣಜಕ್ಕೆ ಬೀಗ ಜಡಿಯುತ್ತದೆ. ಕಣಜ ತುಂಬಿದೆ, ಮಜ್ಜೆ ಉಪವಾಸ. ಹೊರಗಿನಿಂದ ನಾವು ಕಬ್ಬಿಣದ ಮಾತ್ರೆ ನುಂಗಿ ಮಲ ಕಪ್ಪು ಮಾಡಿಕೊಂಡದ್ದೇ ಲಾಭ.

ಮಾತ್ರೆಗಳ ವೇಳಾಪಟ್ಟಿಯನ್ನು ತಾವೆಲ್ಲ ಕೂಡಿ ರಚಿಸಿಕೊಟ್ಟದ್ದಕ್ಕಾಗಿ ಸಾಮೂಹಿಕ ವಂದನೆ. ಥೈರಾಕ್ಸಿನ್ ಬರಿಹೊಟ್ಟೆಯಲ್ಲಿ, ತಿಂಡಿಗೆ ಅರ್ಧ-ಮುಕ್ಕಾಲು ಗಂಟೆ ಮೊದಲು. ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ನಾಲ್ಕು ಗಂಟೆ ಅಂತರ. ಅದೇ ಕಬ್ಬಿಣ, ಕ್ಯಾಲ್ಸಿಯಂ ಬರಿಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ಸೇರಿದರೆ ವೈರಸ್ಸಿನ ಮದ್ದು ಹೊಟ್ಟೆಯಲ್ಲೇ ಕಟ್ಟಿಬೀಳುತ್ತದೆ. ಊಟದ ಜೊತೆ ಒಟ್ಟಿಗೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಡೊಲುಟೆಗ್ರಾವಿರ್ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಆಮೇಲೆ. ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಆಂಟಾಸಿಡ್ ಊಟದ ಜೊತೆಗೂ ಆಗದು, ಅದನ್ನು ದೂರವೇ ಇಡಬೇಕು. ಹೋಟೆಲಿನಲ್ಲಿ ದುಡಿಯುವ, ಬೆಳಿಗ್ಗೆ ಐದಕ್ಕೇ ಇಡ್ಲಿ ಹಬೆಯ ಮುಂದೆ ನಿಲ್ಲುವ ಮನುಷ್ಯ ಇದನ್ನೆಲ್ಲ ಯಾರಿಗೂ ತಿಳಿಯದಂತೆ ಪಾಲಿಸಬೇಕು. ರಕ್ತ ಏರಿಸಲು ನುಂಗಿದ ಮಾತ್ರೆಯಿಂದಲೇ ವೈರಸ್ಸಿಗೆ ಬಾಗಿಲು ತೆರೆದೀತೆಂಬ ಭಯ ಬೇರೆ.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು, ಇಲ್ಲವಾದರೆ ತಮ್ಮ ವಕೀಲರು ಏಳುತ್ತಾರೆ. ಮಜ್ಜೆಯ ಪೂರ್ತಿ ಸೋಲಿಗೆ ತಾವೊಬ್ಬರೇ ಕಾರಣವಾಗುವುದು ಅಪರೂಪ. ಹೆಚ್ಚಿನ ಸಲ ತಾವು ಮಾಡುವುದು, ಈಗಾಗಲೇ ಬಸವಳಿದವನ ತಲೆಗೆ ಇನ್ನೊಂದು ಮೂಟೆ ಹೊರಿಸುವುದು. ತೀವ್ರ ಕಾಯಿಲೆಯ ನಡುವೆ ತಮ್ಮ ಹಾರ್ಮೋನುಗಳ ಅಂಕಿ ತಾತ್ಕಾಲಿಕವಾಗಿ ಏರುಪೇರಾಗುವುದರಿಂದ, ಐಸಿಯುನಲ್ಲಿ ಬಂದ ಒಂದು ಥೈರಾಯ್ಡ್ ವರದಿ ಹಿಡಿದು ತೀರ್ಪು ಕೊಡುವುದೂ ತಪ್ಪು. ಬಿ12, ಫೋಲಿಕ್ ಆಮ್ಲ, ಕಬ್ಬಿಣ, ಕ್ಷಯ, ಪಾರ್ವೊ, ಕೋಟ್ರೈಮಾಕ್ಸಜೋಲ್‌ನಂಥ ಮದ್ದುಗಳು, ಇವನ್ನೆಲ್ಲ ವಿಚಾರಿಸಲೇಬೇಕು. ಅಗತ್ಯ ಬಿದ್ದರೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಲೇಬೇಕು. ನನ್ನ ದೂರು ತಮ್ಮನ್ನು ಗಲ್ಲಿಗೇರಿಸಿ ಎಂದಲ್ಲ. ಆರೋಪಿಗಳ ಸಾಲಿನಲ್ಲಿ ತಮ್ಮನ್ನೂ ನಿಲ್ಲಿಸಿ ಎಂದು. ಮೂಳೆಗೆ ಸೂಜಿ ಚುಚ್ಚುವ ಮೊದಲು ಕೊರಳಿಗೆ ಕೈ ಇಡಿ ಎಂದು.

ಯಾಕೆಂದರೆ ತಮ್ಮಲ್ಲಿ ಸುಲಭವಾಗಿ ಒಲಿಯುವ ಸದ್ಗುಣವೊಂದಿದೆ, ಅದನ್ನು ಮುಚ್ಚಿಟ್ಟು ದೂರು ಬರೆದರೆ ನಾಲಿಗೆ ಬಿದ್ದುಹೋದೀತು. ಬರ್ಲಿನ್ನಿನಲ್ಲಿ ಟಿಮೊಥಿ ರೇ ಬ್ರೌನ್ ಎಂಬವರಿಗೆ ರಕ್ತದ ಕ್ಯಾನ್ಸರಿಗಾಗಿ ಬೇರೊಬ್ಬರ ಮೂಲಕೋಶಗಳ ಕಸಿ ಮಾಡಿದಾಗ ಎಚ್‌ಐವಿಯೂ ವಾಸಿಯಾಯಿತು. 2007ರ ಆ ಕಸಿಯನ್ನು ಜಗತ್ತು ಕೊಂಡಾಡಿತು. ಅಂಥ ಕಸಿ ಜೀವವನ್ನೇ ಪಣಕ್ಕಿಡುವಂಥದ್ದು, ನಮ್ಮ ಬಳಗದ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ. ಆದರೆ ಸೋತ ಥೈರಾಯ್ಡಿಗೆ ದಿನಕ್ಕೊಂದು ಮಾತ್ರೆ, ಸೋತ ಅಡ್ರಿನಲ್‌ಗೆ ಹೈಡ್ರೊಕಾರ್ಟಿಸೋನ್, ಇವು ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವಂಥವು. ಮಜ್ಜೆ ಸೋಲಲು ಇರುವ ನೂರು ಕಾರಣಗಳಲ್ಲಿ ಸುಲಭವಾಗಿ ಸರಿಪಡಿಸಬಹುದಾದ ಕೆಲವು ತಮ್ಮವು. ಅಷ್ಟು ಸುಲಭದ್ದನ್ನು ಅಷ್ಟು ಕಾಲ ಮುಚ್ಚಿಟ್ಟದ್ದೇ ತಮ್ಮ ದೊಡ್ಡ ಅಪರಾಧ. ಕೇಳದೆ ಬಿಟ್ಟದ್ದು ನಮ್ಮವರ ಅಪರಾಧ. ಡಾ. ಟಿ.ಎಂ.ಎ. ಪೈಯವರು 1953ರಲ್ಲೇ ಮಣಿಪಾಲದ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆರೆದ ಜಿಲ್ಲೆ ಇದು. ರಕ್ತ, ಗ್ರಂಥಿ, ಸೋಂಕು, ಒಂದೊಂದನ್ನೂ ಓದಿದ ವೈದ್ಯರು ಒಂದು ಬಸ್ ಚಾರ್ಜಿನ ದೂರದಲ್ಲಿ ಇರುವ ಸೀಮೆಯಲ್ಲಿ, ಮೂರನ್ನೂ ಒಂದೇ ಮನುಷ್ಯನಲ್ಲಿ ಸೇರಿಸಿ ನೋಡುವುದು ಇಂದಿಗೂ ಅದೃಷ್ಟದ ಮಾತಾಗಬಾರದು.

ಆದ್ದರಿಂದ ತಮ್ಮ ಪಾದಾರವಿಂದಗಳಲ್ಲಿ ಇಷ್ಟೇ ವಿನಂತಿ. ಮುನಿಸಿಕೊಳ್ಳುವುದಾದರೆ ಗಟ್ಟಿಯಾಗಿ ಮುನಿಸಿಕೊಳ್ಳಿ, ಎಲ್ಲರಿಗೂ ಕೇಳುವಂತೆ. ನಮ್ಮ ಮೂರಕ್ಷರದ ಮರೆಯಲ್ಲಿ ನಿಂತು ಮಜ್ಜೆಗೆ ಕಲ್ಲು ಹೊಡೆಯಬೇಡಿ. ಆ ಮೂರಕ್ಷರಕ್ಕೆ ಹೊರಲು ಬೇಕಾದಷ್ಟು ಅಪವಾದ ಈಗಾಗಲೇ ಇದೆ.

ಇತಿ ತಮ್ಮ ವಿಧೇಯ,
ಕಾನೂನು ಕೊಟ್ಟ ಹಕ್ಕಿನಂತೆ ಹೆಸರು ಹಾಕದವನು.

ತಾ.ಕ.: ಗ್ರಂಥಿಗಳು ಈ ಪತ್ರ ಓದುವುದು ಅನುಮಾನ, ಆದ್ದರಿಂದ ಓದುಗರಿಗೆ ಎರಡು ಮಾತು. ನಿಮಗೋ ನಿಮ್ಮವರಿಗೋ ಎಚ್‌ಐವಿ ಇದ್ದು ರಕ್ತ ಕಮ್ಮಿ ಎಂದು ವರದಿ ಬಂದರೆ, ಎಆರ್‌ಟಿ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಬದಲಿಸಬೇಡಿ. ಹಾಗೆಯೇ “ಆ ಕಾಯಿಲೆ ಇದ್ದರೆ ಹಾಗೇ” ಎಂಬ ಉತ್ತರಕ್ಕೆ ಎದ್ದು ಬರಲೂ ಬೇಡಿ. ಚಳಿ, ಮಲಬದ್ಧತೆ, ಎದೆ ಡವಗುಟ್ಟುವುದು, ನಿಂತಾಗ ತಲೆಸುತ್ತು, ಚರ್ಮ ವಸಡು ಕಪ್ಪಾಗುವುದು, ಮುಟ್ಟು ನಿಂತದ್ದು, ಆಸೆ ಕುಂದಿದ್ದು, ಯಾವುದಿದ್ದರೂ ನಾಚದೆ ಹೇಳಿ. ಹೊರಗೆ ತೆಗೆದುಕೊಳ್ಳುವ ಇನ್‌ಹೇಲರ್, ಇಂಜೆಕ್ಷನ್, ಟಾನಿಕ್ ಎಲ್ಲದರ ಹೆಸರನ್ನೂ ಹೇಳಿ. ಕೊನೆಗೆ ಕುರ್ಚಿ ಬಿಡುವ ಮೊದಲು ಒಂದು ಪ್ರಶ್ನೆ ಕೇಳಿ: “ಡಾಕ್ಟ್ರೇ, ಗ್ರಂಥಿಗಳನ್ನೂ ಒಮ್ಮೆ ನೋಡಬಹುದಾ?”